ಸವದತ್ತಿಯ ನೀರು, ಕುಮಟಾದ ಉಪ್ಪು

ತೋಟದ ಮನೆಯ ಈಜುಕೊಳಕ್ಕೆ ಮೂರು ಚೀಲ ಉಪ್ಪು ಸುರಿಯುತ್ತಾರೆ ಎಂದು ಸವದತ್ತಿ ಸೀಮೆಯ ಯರಿಹೊಲದ ರೈತನಿಗೆ ಹೇಳಿದರೆ, ಯಾಕೆ ಎಂದು ಅವನು ಕೇಳುವುದು ಆಮೇಲೆ. ‘ಆ ನೀರು ಎಲ್ಲಿಗೆ ಬಿಡ್ತಾರ್ರಿ?’ ಎಂಬುದೇ ಮೊದಲ ಪ್ರಶ್ನೆ. ಮಲಪ್ರಭೆಯ ಕಾಲುವೆ ಬಂದಂದಿನಿಂದ ಸವಳು–ಜವಳು ಎಂಬ ಜೋಡಿಮಾತು ಇಲ್ಲಿನ ಹೊಲಮನೆಗಳಲ್ಲಿ ಬೇರುಬಿಟ್ಟಿದೆ. ನೀರು ನಿಂತು ಹೊಲ ಜೌಗಾದರೆ ಜವಳು. ನೀರು ಆರಿ ಮಣ್ಣಿನ ಮೇಲೆ ಬಿಳಿ ಉಪ್ಪು ಕೂತರೆ ಸವಳು. ಆ ಬಿಳುಪು ಹಬ್ಬಿದ ಕಡೆ ಜೋಳ ಏಳದೆ ಕುಗ್ಗುವುದನ್ನು ಕಂಡವರು ಉಪ್ಪಿನ ಮಾತನ್ನು ಹಗುರಾಗಿ ಆಡುವುದಿಲ್ಲ.

ಮೀಯುವ ನೀರನ್ನು ಚೊಕ್ಕಟವಾಗಿ ಇಡುವುದು ಹೇಗೆ, ಮಿಂದ ನೀರನ್ನು ಎಲ್ಲಿಗೆ ಕಳಿಸುವುದು ಎಂಬ ಎರಡು ಪ್ರಶ್ನೆ ಈ ತಾಲೂಕಿಗೆ ಹೊಸವಲ್ಲ. ಉಪ್ಪಿನಿಂದ ಕ್ಲೋರಿನ್ ತೆಗೆಯುವ ಪುಟ್ಟ ಯಂತ್ರ ಮೊದಲನೆಯದಕ್ಕೆ ಒಳ್ಳೆಯ ಉತ್ತರ ಕೊಟ್ಟಿದೆ. ಎರಡನೆಯದನ್ನು ಕೊಳದ ಮಾಲೀಕನ ಕೈಗೇ ಬಿಟ್ಟಿದೆ.

ಸವದತ್ತಿಯ ನೀರಿನ ಕಥೆಗಳಲ್ಲಿ ಎಲ್ಲಕ್ಕಿಂತ ಹಳೆಯದು ರೇಣುಕೆಯದು. ಪತಿ ಜಮದಗ್ನಿಯ ಪೂಜೆಗೆ ಆಕೆ ದಿನಾ ನಸುಕಿನಲ್ಲಿ ಮಲಪ್ರಭೆಗೆ ಹೋಗಿ, ಹಸಿ ಉಸುಕಿನಲ್ಲಿ ಕೊಡ ಮಾಡಿ, ಹಾವನ್ನು ಸಿಂಬಿ ಸುತ್ತಿ ತಲೆಯ ಮೇಲಿಟ್ಟು ನೀರು ತರುತ್ತಿದ್ದಳು. ನಿನ್ನೆಯ ಕೊಡ ಇವತ್ತಿಗೆ ಬಾರದು, ನಿನ್ನೆಯ ನೀರೂ ಬಾರದು. ಭಕ್ತರು ಇದನ್ನು ಪಾತಿವ್ರತ್ಯದ ಕಥೆಯಾಗಿ ಕೇಳುತ್ತಾರೆ. ನೀರಿನ ಕಣ್ಣಿನಿಂದ ನೋಡಿದರೆ, ಶುದ್ಧ ನೀರನ್ನು ಕೂಡಿಡಲು ಬರುವುದಿಲ್ಲ, ದಿನದಿನವೂ ಹೊಸದಾಗಿ ಸಂಪಾದಿಸಬೇಕು ಎಂಬ ತಿಳಿವಳಿಕೆ ಅದರೊಳಗೆ ಕೂತಿದೆ. ಈಜುಕೊಳದ ಪಂಪಿನ ವೇಳಾಪಟ್ಟಿ ಬರೆಯುವವನೂ ಮಾಡುವುದು ಇದೇ ಲೆಕ್ಕ.

ರೇಣುಕೆಯೇ ಆದ ಯಲ್ಲಮ್ಮನ ಈಗಿನ ಗುಡಿಯನ್ನು ರಾಯಬಾಗದ ಬೊಮ್ಮಪ್ಪ ನಾಯಕ 1514ರಲ್ಲಿ ಕಟ್ಟಿಸಿದನೆಂದು ಹೇಳುತ್ತಾರೆ. ಊರು ಅದಕ್ಕಿಂತ ಬಹಳ ಹಳೆಯದು. ರಟ್ಟರ ಕಾಲದಲ್ಲಿ ಸುಗಂಧವರ್ತಿ ಎಂಬ ಹೆಸರಿನ ರಾಜಧಾನಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಚಕ್ಕಡಿ ಕಟ್ಟಿಕೊಂಡು ಬರುವ ಜನ ಮೊದಲು ಜೋಗುಳಬಾವಿಯಲ್ಲಿ ಮಿಂದು ಅಲ್ಲಿಯ ಸತ್ಯಮ್ಮನಿಗೆ ಕೈಮುಗಿದು ಆಮೇಲೆ ಗುಡ್ಡ ಹತ್ತುತ್ತಾರೆ. ಮೇಲೆ ಗುಡಿಯ ಬಳಿ ಎಣ್ಣೆಹೊಂಡವಿದೆ. ಇದೇ ಜೋಗುಳಬಾವಿಯ ಸ್ನಾನದ ನಂತರ ಹೆಣ್ಣುಮಕ್ಕಳನ್ನು ದೇವಿಗೆ ಬಿಡುವ ಪದ್ಧತಿಯೂ ನಡೆದುಬಂದಿತ್ತು. ರಾಜ್ಯದ 1982ರ ಕಾಯ್ದೆ ಅದನ್ನು ಅಪರಾಧವೆಂದು ಸಾರಿತು. ಆ ನೋವಿನ ಚರಿತ್ರೆಯನ್ನು ಬೇರೆಯಾಗಿಯೇ ಬರೆಯಬೇಕು. ನೀರಿನ ಮಟ್ಟಿಗೆ ಹೇಳುವುದಾದರೆ, ಸಾವಿರಾರು ಮಂದಿ ಒಂದೇ ದಿನ ಮುಳುಗೇಳುವ ಹೊಂಡಕ್ಕೆ ಆಸರೆ ಒಂದೇ: ಒಳಗೆ ಬರುವ ಒರತೆ, ಹೊರಗೆ ಹರಿಯುವ ಕೋಡಿ. ಹರಿವು ನಿಂತರೆ ಹೊಂಡ ಕೆಟ್ಟಿತು.

ಮನೆಯೊಳಗಿನ ಸ್ನಾನದ ತೊಟ್ಟಿಗೆ ಈ ಸೀಮೆಯಲ್ಲಿ ಉದಾಹರಣೆ ಹುಡುಕುವವರು ಕಿತ್ತೂರಿಗೆ ಹೋಗಬೇಕು. 1824ರ ಕಾಳಗದ ನಂತರ ಹಾಳುಬಿದ್ದ ಅರಮನೆಯಲ್ಲಿ ಸ್ನಾನಗೃಹಗಳ ಅವಶೇಷ ಇಂದಿಗೂ ಕಾಣುತ್ತದೆ: ತೊಟ್ಟಿಗಳು, ಅವುಗಳಿಗೆ ನೀರು ತರುತ್ತಿದ್ದ ಕೊಳವೆಗಳ ದಾರಿ, ಆವರಣದ ಬಾವಿಗಳು. ಧ್ರುವತಾರೆ ನೋಡಲು ಗೋಡೆಯಲ್ಲಿ ಬಿಟ್ಟ ರಂಧ್ರವನ್ನು ಪ್ರವಾಸಿಗರು ಇಣುಕಿ ನೋಡಿ ಬರುತ್ತಾರೆ. ತೊಟ್ಟಿಗಳ ಮುಂದೆ ಅಷ್ಟು ಹೊತ್ತು ನಿಲ್ಲುವವರು ಕಡಿಮೆ. ನಿಂತರೆ ತಿಳಿಯುತ್ತದೆ, ಅರಸುಮನೆಯ ಭೋಗವೂ ಹೊಸ ನೀರು ತುಂಬಿ ಹಳೆಯದನ್ನು ಹೊರಬಿಡುವ ಕ್ರಮದ ಮೇಲೆಯೇ ನಿಂತಿತ್ತು. ನೀರಿಗೆ ಮದ್ದು ಹಾಕಿ ಅದನ್ನೇ ತಿಂಗಳುಗಟ್ಟಲೆ ಬಳಸುವ ವಿದ್ಯೆ ಆಗಿನ್ನೂ ಎಲ್ಲಿಯೂ ಇರಲಿಲ್ಲ.

ಆ ವಿದ್ಯೆ ಹುಟ್ಟಿದ್ದು ಬಟ್ಟೆ ಬಿಳುಪು ಮಾಡುವ ಕಸುಬಿನಲ್ಲಿ. ಅಲ್ಲಿ ಸವದತ್ತಿ–ಬೈಲಹೊಂಗಲದ ಹತ್ತಿಯೂ ಕಥೆಗೆ ಬಂದು ಸೇರುತ್ತದೆ.

ಇಲ್ಲಿಯ ಅಗಸರು ಬಟ್ಟೆಗೆ ಚೌಳು ಮಣ್ಣು ಹಚ್ಚಿ, ಉಬ್ಬೆಗೆ ಹಾಕಿ, ಹಳ್ಳದ ದಂಡೆಯ ಬಿಸಿಲಿಗೆ ಹರವುತ್ತಿದ್ದರು. ಇಂಗ್ಲೆಂಡು, ಸ್ಕಾಟ್ಲೆಂಡುಗಳಲ್ಲಿ ಬಿಸಿಲು ಅಷ್ಟು ಧಾರಾಳವಲ್ಲ. ಅಲ್ಲಿ ಹುಲ್ಲುಗಾವಲಿನ ಮೇಲೆ ಹಾಸಿದ ಹಚ್ಚಡ ಬೆಳ್ಳಗಾಗಲು ತಿಂಗಳುಗಳು ಹಿಡಿಯುತ್ತಿದ್ದವು. 1774ರಲ್ಲಿ ಸ್ವೀಡನ್ನಿನ ಕಾರ್ಲ್ ಶೀಲೆ ಹಸಿರು ಹಳದಿ ಅನಿಲವೊಂದನ್ನು, ಇಂದಿನ ಕ್ಲೋರಿನ್ನನ್ನು, ತಯಾರಿಸಿದ. ಫ್ರಾನ್ಸಿನ ಬರ್ತೊಲೆ 1785ರಲ್ಲಿ ಅದು ಬಟ್ಟೆಯ ಬಣ್ಣ ತಿನ್ನುತ್ತದೆ ಎಂದು ತೋರಿಸಿದ. 1799ರಲ್ಲಿ ಗ್ಲಾಸ್ಗೋದ ಚಾರ್ಲ್ಸ್ ಟೆನೆಂಟ್ ಅದನ್ನು ಸುಣ್ಣಕ್ಕೆ ಕುಡಿಸಿ ಒಣಪುಡಿ ಮಾಡಿ ಹಕ್ಕುಪತ್ರ ಪಡೆದ. ನಮ್ಮ ಗ್ರಾಮ ಪಂಚಾಯಿತಿಗಳ ಉಗ್ರಾಣದಲ್ಲಿ ಮೂಗು ಸುಡುವ ವಾಸನೆಯೊಂದಿಗೆ ಕೂತಿರುವ ಬ್ಲೀಚಿಂಗ್ ಪೌಡರ್ ಅದೇ. ‘ಬ್ಲೀಚಿಂಗ್’ ಎಂಬ ಹೆಸರಿನಲ್ಲೇ ಅದರ ಹಳೆಯ ಕಸುಬು ಉಳಿದುಕೊಂಡಿದೆ. ಇನ್ನೊಂದು ವರ್ಷಕ್ಕೆ, 1800ರಲ್ಲಿ, ವಿಲಿಯಂ ಕ್ರುಕ್‌ಶ್ಯಾಂಕ್ ಉಪ್ಪುನೀರಿನಲ್ಲಿ ವಿದ್ಯುತ್ ಹರಿಸಿ ನೋಡಿದ. ಅನಿಲ ಉಪ್ಪಿನಿಂದಲೇ ಹೊರಬಂತು. ಇಂದಿನ ಈಜುಕೊಳದ ಯಂತ್ರದ ಬೀಜ ಇಲ್ಲಿದೆ.

1840ರ ದಶಕದಲ್ಲಿ ಹುಬ್ಬಳ್ಳಿ ಹತ್ತಿರದ ಕುಸುಗಲ್ಲಿನಲ್ಲಿ ಕಂಪನಿ ಸರಕಾರ ಅಮೆರಿಕದ ಹತ್ತಿ ಬೀಜ ಹಾಕಿಸಿ ನೋಡಿತು. ‘ಧಾರವಾಡ–ಅಮೆರಿಕನ್’ ಎಂಬ ಹತ್ತಿ ಯರಿಭೂಮಿಗೆಲ್ಲ ಹಬ್ಬಿತು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧ ಅದರ ಬೆಲೆಯನ್ನು ಆಕಾಶಕ್ಕೆ ಏರಿಸಿತು. ರೈಲು ಇನ್ನೂ ಬಾರದ ಆ ಕಾಲದಲ್ಲಿ ಹತ್ತಿ ಅಂಡಿಗೆಗಳು ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿದ್ದವು. ದೇಶಿ ಹತ್ತಿಗೆ ವಿದೇಶದ ಪೇಟೆಯಲ್ಲಿ ಕುಮಟಾ ಹತ್ತಿ ಎಂಬ ಹೆಸರೇ ನಿಂತಿತು. ಮರಳಿ ಬರುವ ಚಕ್ಕಡಿಗಳಲ್ಲಿ ಕರಾವಳಿಯ ಉಪ್ಪು ಬರುತ್ತಿತ್ತು. ಇಳಿಯುವಾಗ ಹತ್ತಿ, ಏರುವಾಗ ಉಪ್ಪು. ಆ ಹತ್ತಿ ಹಡಗೇರಿ ಲ್ಯಾಂಕಷೈರಿನಲ್ಲಿ ಬಟ್ಟೆಯಾಗಿ, ಟೆನೆಂಟನ ಪುಡಿಯಲ್ಲಿ ಮಿಂದು ಬೆಳ್ಳಗಾಗುತ್ತಿತ್ತು. 1880ರ ದಶಕದಲ್ಲಿ ರೈಲು ಬಂದಮೇಲೆ ಕುಮಟಾದ ವ್ಯಾಪಾರ ಕಳೆಗುಂದಿತು. ಆದರೆ ಗೋಕರ್ಣದ ಬಳಿಯ ಸಾಣಿಕಟ್ಟೆಯ ಆಗರಗಳಲ್ಲಿ ಇವತ್ತಿಗೂ ಸಮುದ್ರದ ನೀರು ಕಟ್ಟಿ ಉಪ್ಪು ಹೆರೆಯುತ್ತಾರೆ.

ಬಟ್ಟೆಯ ಪುಡಿ ನೀರಿಗೆ ಬಿದ್ದದ್ದು ಜ್ವರದ ಭಯದಿಂದ. ಆ ಚರಿತ್ರೆಯಲ್ಲಿ ಭಾರತಕ್ಕೂ ಪಾಲಿದೆ, ಅದನ್ನು ನೆನೆಯುವವರು ವಿರಳ. ಇಂಡಿಯನ್ ಮೆಡಿಕಲ್ ಸರ್ವಿಸಿನ ಅಧಿಕಾರಿ ವಿನ್ಸೆಂಟ್ ನೆಸ್‌ಫೀಲ್ಡ್ 1903ರಲ್ಲಿಯೇ, ದ್ರವರೂಪಕ್ಕೆ ಒತ್ತಿದ ಕ್ಲೋರಿನ್ನಿನಿಂದ ಕುಡಿಯುವ ನೀರನ್ನು ಶುದ್ಧ ಮಾಡುವ ಕ್ರಮ ಬರೆದು ಪ್ರಕಟಿಸಿದ. ಅದಕ್ಕೂ ಮುಂಚೆ, 1890ರ ದಶಕದಲ್ಲಿ, ಆಗ್ರಾದಲ್ಲಿದ್ದ ಹ್ಯಾಂಕಿನ್ ಕಾಲರಾ ತಡೆಯಲು ಬಾವಿಗಳಿಗೆ ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕಿಸಿದ್ದ. ನೀರು ನಸುಗೆಂಪಾದರೆ ಮದ್ದು ಬಿದ್ದಿದೆ ಎಂದು ಅರ್ಥ. 1905ರಲ್ಲಿ ಇಂಗ್ಲೆಂಡಿನ ಲಿಂಕನ್ ಪಟ್ಟಣದಲ್ಲಿ ಟೈಫಾಯ್ಡ್ ಎದ್ದಾಗ ನಲ್ಲಿಯ ನೀರಿಗೆ ಬಿಡದೆ ಕ್ಲೋರಿನ್ ಬೆರೆಸಿದರು. 1908ರಲ್ಲಿ ಅಮೆರಿಕದ ಜರ್ಸಿ ಸಿಟಿಯಲ್ಲಿ ಜಾನ್ ಲೀಲ್ ಎಂಬ ವೈದ್ಯರ ಹಟದಿಂದ ಇಡೀ ಊರಿನ ನೀರಿಗೆ ಅದು ನಿತ್ಯದ ಪದ್ಧತಿಯಾಯಿತು. ಎರಡೇ ವರ್ಷಕ್ಕೆ ಬ್ರೌನ್ ವಿಶ್ವವಿದ್ಯಾಲಯದ ಈಜುಕೊಳಕ್ಕೂ ಅದೇ ಪುಡಿ ಬಿತ್ತು. ಕೊಳ ಖಾಲಿ ಮಾಡಿ ತುಂಬುವ ಬದಲು ಇದ್ದ ನೀರನ್ನೇ ಕಾಪಾಡಿಕೊಳ್ಳುವ ದಾರಿ ತೆರೆಯಿತು.

ಸವದತ್ತಿ, ರಾಮದುರ್ಗದ ಹಳ್ಳಿಗಳಲ್ಲಿ ಆಗ ಈಸು ಕಲಿಯುವ ಜಾಗವೆಂದರೆ ತೋಟದ ಬಾವಿ. ಸೊಂಟಕ್ಕೆ ಒಣ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿ, ಪಾವಟಿಗೆಯ ಮೇಲಿಂದ ಕಾಕಾನೋ ಅಣ್ಣನೋ ದೂಡುತ್ತಿದ್ದರು. ಕಪಿಲೆ ಹೊಡೆಯುವಾಗ, ಆಮೇಲೆ ಎಂಜಿನ್ನು, ಮೋಟಾರು ಬಂದಮೇಲೆ ಕೂಡ, ಬಾವಿಯ ನೀರು ದಿನಾ ಇಳಿದು ದಿನಾ ಏರುತ್ತಿತ್ತು. ಬೆಳೆಗೆ ಹೋದಷ್ಟೂ ಒರತೆ ತುಂಬುತ್ತಿತ್ತು. ಪಂಪಿನ ವೇಳಾಪಟ್ಟಿಯನ್ನು ಕಬ್ಬು, ಜೋಳಗಳೇ ಬರೆಯುತ್ತಿದ್ದವು. ಇಷ್ಟು ಚೆಲುವಾದ ಈಜುಕೊಳ ಇನ್ನೊಂದಿಲ್ಲ ಎಂದು ಅದರಲ್ಲಿ ಬೆಳೆದವರು ಹೇಳಿದರೆ ಒಪ್ಪಬೇಕಾದ ಮಾತೇ.

ಆದರೆ ಅದೇ ನೀರು ಕುಡಿಯಲಿಕ್ಕೂ ಆಗುತ್ತಿದ್ದ ಕಡೆ ಒಂದು ಶಾಪವಿತ್ತು, ನಾರುಹುಣ್ಣು. ರೋಗಿಯ ಕಾಲಿನ ಹುಣ್ಣಿನಲ್ಲಿ ತಲೆ ಹೊರಹಾಕಿದ ಹುಳು, ಅವನು ಮೆಟ್ಟಿಲಿಳಿದು ನೀರಿಗೆ ಕಾಲಿಟ್ಟ ಕೂಡಲೇ ಮರಿ ಬಿಡುತ್ತದೆ. ನೀರಿನ ಸಣ್ಣ ಜೀವಿಯೊಂದು ಅದನ್ನು ನುಂಗುತ್ತದೆ. ಆ ನೀರು ಕುಡಿದವನಿಗೆ ಸುಮಾರು ಒಂದು ವರ್ಷದ ಮೇಲೆ ಅದೇ ಹುಣ್ಣು. ಈ ಪಿಡುಗು ಬೇರೂರಿದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 1980ರ ದಶಕದ ರಾಷ್ಟ್ರೀಯ ಕಾರ್ಯಕ್ರಮ ಮೆಟ್ಟಿಲುಬಾವಿಗಳಿಗೆ ಕಟ್ಟೆ ಕಟ್ಟಿಸಿ ಸೇದುವ ಬಾವಿಗಳನ್ನಾಗಿ ಮಾಡಿತು, ಬೋರ್‌ವೆಲ್ ಕೊರೆಸಿತು, ಬಟ್ಟೆಯಲ್ಲಿ ಸೋಸುವುದನ್ನು ಕಲಿಸಿತು. ದೇಶದ ಕೊನೆಯ ರೋಗಿ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ದೊಡ್ಡ ಗೆಲುವು ಅದು. ಮೀಯುವ ನೀರು ಬೇರೆ, ಕುಡಿಯುವ ನೀರು ಬೇರೆ ಎಂಬ ಗೆರೆಯೂ ಆಗ ಗಟ್ಟಿಯಾಯಿತು. ಬಾವಿಗೆ ಕಟ್ಟೆ ಏರಿತು, ಈಸುವವರು ಹೊರಗುಳಿದರು. ಬೋರ್‌ವೆಲ್ಲುಗಳ ಹಾವಳಿಯಲ್ಲಿ ಉಳಿದ ಬಾವಿಗಳೂ ಬತ್ತಿದವು. ತೋಟದ ಮನೆಯ ನೀಲಿ ಕೊಳ ತೆರವಾದ ಆ ಜಾಗಕ್ಕೆ ಬಂದಿದೆ.

ನವಿಲುತೀರ್ಥದ ಕಮರಿಯಲ್ಲಿ 1972ರ ಹೊತ್ತಿಗೆ ಮಲಪ್ರಭೆಗೆ ಒಡ್ಡು ಬಿತ್ತು. ಕಣಕುಂಬಿಯಲ್ಲಿ ಹುಟ್ಟಿದ ನದಿ ಇಲ್ಲಿ ರೇಣುಕಾಸಾಗರವಾಯಿತು. 37.73 ಟಿಎಂಸಿ ಅಡಿ ನೀರು ಹಿಡಿಯುವ ಈ ಜಲಾಶಯ ಹುಬ್ಬಳ್ಳಿ–ಧಾರವಾಡಕ್ಕೂ ಕುಡಿಯುವ ನೀರು ಕೊಡುತ್ತದೆ. ಒಂದು ಕೊಡ ನೀರಿಗೆ ರೇಣುಕೆ ಇಳಿಯುತ್ತಿದ್ದ ನದಿ ಈಗ ಕೊಳವೆಯಲ್ಲಿ ಊರೂರಿಗೆ ಹೋಗುತ್ತದೆ. ಕಾಲುವೆ ಹರಿದ ಯರಿಭೂಮಿಯಲ್ಲಿ ಬಸಿಗಾಲುವೆ ಸಾಲದ ಕಡೆ ಸವಳು–ಜವಳು ಬಂತು. ಅದರ ಮೇಲೆ ಅಭಿವೃದ್ಧಿ ಕರ ಹೇರಿದಾಗ ನರಗುಂದ, ನವಲಗುಂದ, ಸವದತ್ತಿ ತಾಲೂಕುಗಳ ರೈತರು ಎದ್ದರು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗುಂಡು ಹಾರಿತು. ಈ ಸೀಮೆಯಲ್ಲಿ ನೀರಿಗೂ ಮಣ್ಣಿಗೂ ಕೂಡಿದ ಲೆಕ್ಕವನ್ನು ಬೇರೆ ಮಾಡಿ ನೋಡುವುದು ಅಂದಿನಿಂದ ಸಾಧ್ಯವಾಗಿಲ್ಲ. ಶುದ್ಧ ನೀರಿನ ಲೆಕ್ಕವೂ ಮುಗಿದಿಲ್ಲ: 2022ರ ಅಕ್ಟೋಬರದಲ್ಲಿ ರಾಮದುರ್ಗ ತಾಲೂಕಿನ ಮುದೇನೂರಿನಲ್ಲಿ ಕಲುಷಿತ ನೀರು ಕುಡಿದು ಹಲವರು ಹಾಸಿಗೆ ಹಿಡಿದರು, ಸಾವೂ ಆಯಿತು.

ಕ್ರುಕ್‌ಶ್ಯಾಂಕನ ಪ್ರಯೋಗ ಮನೆಯ ಕೊಳಕ್ಕೆ ಇಳಿಯಲು ನೂರೈವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಅಡ್ಡಿಯಾದದ್ದು ತಗಡು. ಉಪ್ಪುನೀರಿನಲ್ಲಿ ವಿದ್ಯುತ್ ಹರಿದಾಗ ಕ್ಲೋರಿನ್ ಹೊಮ್ಮುವ ಕಡೆಯ ತಗಡನ್ನು ಅದೇ ಕ್ಲೋರಿನ್ ತಿಂದುಹಾಕುತ್ತಿತ್ತು. ಉಪ್ಪುನೀರಿನಿಂದ ಕ್ಲೋರಿನ್ ತೆಗೆಯುವ 1892ರ ಕ್ಯಾಸ್ಟ್ನರ್–ಕೆಲ್ನರ್ ಪದ್ಧತಿ ದೊಡ್ಡ ಕಾರ್ಖಾನೆಗಳಿಗೆ ಸರಿಹೋಯಿತು. ಕಾರವಾರದ ಬಿಣಗಾದಲ್ಲಿಯೂ ಮುಂದೆ ಕಾಸ್ಟಿಕ್ ಸೋಡ–ಕ್ಲೋರಿನ್ ಕಾರ್ಖಾನೆ ಎದ್ದಿತು. ಮನೆಬಳಕೆಗೆ ದಾರಿ ಮಾಡಿದವನು ಹೆನ್ರಿ ಬೀರ್. ಟೈಟಾನಿಯಂ ತಗಡಿಗೆ ರುಥೇನಿಯಂ ಆಕ್ಸೈಡಿನ ತೆಳು ಲೇಪ ಕೊಟ್ಟರೆ ಅದು ವರ್ಷಗಟ್ಟಲೆ ತಾಳುತ್ತದೆ ಎಂದು 1960ರ ದಶಕದಲ್ಲಿ ಅವನು ತೋರಿಸಿದ. 1970ರ ದಶಕದಿಂದ ಆಸ್ಟ್ರೇಲಿಯ, ನ್ಯೂಜಿಲೆಂಡುಗಳ ಹಿತ್ತಲ ಕೊಳಗಳಲ್ಲಿ ಈ ಯಂತ್ರ ಮನೆಮಾತಾಯಿತು. ಭಾರತದ ಮನೆಕೊಳಗಳಿಗೆ ಅದು ಬಂದದ್ದು ಬಹಳ ತಡವಾಗಿ.

ಯಂತ್ರದ ಕೆಲಸ ಸರಳ. ನೀರಿನಲ್ಲಿ ಸಾವಿರ ಲೀಟರಿಗೆ 3ರಿಂದ 3.5 ಕಿಲೋ ಉಪ್ಪು ಇರುತ್ತದೆ, ಸಮುದ್ರದ ಹತ್ತರಲ್ಲೊಂದು ಪಾಲು. ಸೋಸಿದ ನೀರು ತಗಡುಗಳ ನಡುವೆ ಹಾಯುವಾಗ ಕ್ಲೋರಿನ್ ಹುಟ್ಟಿ ಅಲ್ಲೇ ಕರಗುತ್ತದೆ. ಕ್ರಿಮಿ ಕೊಂದ ಮೇಲೆ ಅದು ಮತ್ತೆ ಉಪ್ಪಿನ ಅಂಶವಾಗಿ ನೀರಿಗೆ ಮರಳುತ್ತದೆ. ಆದ್ದರಿಂದ ಉಪ್ಪು ಖರ್ಚಾಗುವುದಿಲ್ಲ. ಮೈಗೆ ಅಂಟಿ, ಕೋಡಿ ಬಿದ್ದು, ಫಿಲ್ಟರ್ ತೊಳೆದ ನೀರಿನ ಜೊತೆ ಹೋದಷ್ಟನ್ನೇ ಮತ್ತೆ ಹಾಕಬೇಕು. ಅಯೋಡಿನ್ ಬೆರೆಸದ ಶುದ್ಧ ಉಪ್ಪೇ ಆಗಬೇಕು.

8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.4 ಮೀಟರ್ ಆಳದ ಕೊಳವನ್ನು ತೆಗೆದುಕೊಳ್ಳೋಣ. ಸುಮಾರು 45,000 ಲೀಟರ್ ನೀರು, ಸುಮಾರು 144 ಕಿಲೋ ಉಪ್ಪು. ರೈತ ಕೇಳಿದ ಮೂರು ಚೀಲ ಇವೇ. ಬೇಸಿಗೆಯಲ್ಲಿ ದಿನಕ್ಕೆ ಲೀಟರಿಗೆ 3 ಮಿಲಿಗ್ರಾಂ ಕ್ಲೋರಿನ್ ಕರಗಿಹೋಗುತ್ತದೆ ಎಂದುಕೊಂಡರೆ 135 ಗ್ರಾಂ ಹುಟ್ಟಬೇಕು. ಗಂಟೆಗೆ 20 ಗ್ರಾಂ ಕೊಡುವ ಯಂತ್ರ ಏಳು ಗಂಟೆಯೊಳಗೆ ಅದನ್ನು ಕೊಡುತ್ತದೆ. 10 ಗ್ರಾಂನ ಅಗ್ಗದ ಯಂತ್ರಕ್ಕೆ ಹದಿಮೂರೂವರೆ ಗಂಟೆ ಬೇಕು. ಅಷ್ಟು ಹೊತ್ತು ಪಂಪೂ ತಿರುಗಬೇಕು. ತಗಡಿನ ಆಯುಷ್ಯ ಸಾಮಾನ್ಯವಾಗಿ 5,000ದಿಂದ 10,000 ಗಂಟೆ. ಹೀಗಾಗಿ ಕೊಳದ ಅಳತೆಗೆ ಬೇಕಾದದ್ದಕ್ಕಿಂತ ಒಂದೂವರೆ ಪಟ್ಟು ದೊಡ್ಡ ಯಂತ್ರ ಕೊಂಡು ಕಡಿಮೆ ಹೊತ್ತು ನಡೆಸುವುದೇ ಸವದತ್ತಿಯಂಥ ಬಿಸಿಲಿನ ಊರಿಗೆ ಸರಿ. ಆಸ್ಟ್ರೇಲಿಯದ ದಕ್ಷಿಣದಲ್ಲಿ ಚಳಿಗಾಲಕ್ಕೆ ನೀರು ತಣ್ಣಗಾಗಿ ಯಂತ್ರ ತಾನೇ ನಿಲ್ಲುವುದುಂಟು. ಇಲ್ಲಿ ಆ ಚಿಂತೆ ಇಲ್ಲ. ಇಲ್ಲಿನ ಚಿಂತೆ ಸೂರ್ಯ. ಮುಚ್ಚಿಲ್ಲದ ಕೊಳದ ಕ್ಲೋರಿನ್ನಿನ ಅರ್ಧವನ್ನು ನಡುಹಗಲ ಬಿಸಿಲು ಒಂದು ಗಂಟೆಯೊಳಗೆ ತಿಂದುಬಿಡುತ್ತದೆ. ಅದಕ್ಕೆ ಸಯನ್ಯೂರಿಕ್ ಆಮ್ಲವೆಂಬ ರಕ್ಷಕ ಬೇಕು. ಆ ಬಿಸಿಲನ್ನು ತಪ್ಪಿಸಲೆಂದೇ ಯಂತ್ರವನ್ನು ಸಂಜೆ 6ರಿಂದ 11ರವರೆಗೆ, ಮತ್ತೆ ಬೆಳಗಿನ 6ರಿಂದ 9ರವರೆಗೆ ನಡೆಸುವುದು ಮೇಲು: ರಾತ್ರಿ ಹುಟ್ಟಿದ ಕ್ಲೋರಿನ್ ರಾತ್ರಿಯೆಲ್ಲ ದುಡಿಯುತ್ತದೆ. ಮಳೆಗಾಲದ ಮೋಡದಲ್ಲಿ ಇದರ ಅರ್ಧ ಹೊತ್ತು ಸಾಕು. ಕರೆಂಟು ಹೋಗಿಬಂದಾಗ ಗಡಿಯಾರ ಹಿಂದುಳಿಯದಂತೆ ಬ್ಯಾಟರಿಯುಳ್ಳ ಟೈಮರ್ ಇರಲೇಬೇಕು. ಪಂಪು ವೇಗ ಬದಲಿಸುವಂಥದ್ದಾದರೆ ಇನ್ನೂ ಒಳ್ಳೆಯದು: ಅರ್ಧ ವೇಗಕ್ಕೆ ವಿದ್ಯುತ್ ಎಂಟರಲ್ಲೊಂದು ಪಾಲು ಸಾಕು, ಎರಡು ಪಟ್ಟು ಹೊತ್ತು ನಡೆಸಿದರೂ ಖರ್ಚು ಕಾಲುಭಾಗಕ್ಕೆ ಇಳಿಯುತ್ತದೆ. ಯಂತ್ರ ಕೇಳುವಷ್ಟು ಹರಿವು ಮಾತ್ರ ಉಳಿಯಬೇಕು. ತಗಡಿನಲ್ಲಿ ಕ್ಲೋರಿನ್ನಿನ ಜೊತೆ ಹೈಡ್ರೋಜನ್ನೂ ಹುಟ್ಟುತ್ತದೆ. ನೀರು ನಿಂತೊಡನೆ ಯಂತ್ರವನ್ನು ಆರಿಸುವ ಸ್ವಿಚ್ಚನ್ನು ಯಾವ ಕಾರಣಕ್ಕೂ ತೆಗೆಸಬಾರದು.

ಬೋರ್‌ವೆಲ್ಲಿನ ಗಡಸು ನೀರು ತುಂಬಿದವರ ತಗಡಿಗೆ ಬೇಗನೆ ಸುಣ್ಣ ಕಟ್ಟುತ್ತದೆ, ಬಾನಿಯ ತಳಕ್ಕೆ ಕಟ್ಟುವಂತೆ. ಧ್ರುವ ಅದಲುಬದಲು ಮಾಡುವ ಯಂತ್ರಗಳು ಅದನ್ನು ತಾವೇ ಉದುರಿಸುತ್ತವೆ, ಆದರೂ ಸಾಧ್ಯವಿದ್ದಲ್ಲಿ ಮಾಳಿಗೆಯ ಮಳೆನೀರು ತುಂಬುವುದೇ ಉತ್ತಮ. ಪಿಎಚ್ ತಾನಾಗಿ ಏರುತ್ತಿರುತ್ತದೆ, ವಾರಕ್ಕೊಮ್ಮೆ ನೋಡಿ ಅಳತೆಯ ಆಮ್ಲ ಹಾಕಿ 7.2ರಿಂದ 7.6ರೊಳಗೆ ನಿಲ್ಲಿಸಬೇಕು.

ಇನ್ನು ರೈತನ ಪ್ರಶ್ನೆ. ಯರಿಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಕೂತ ಕೊಳದ ಗೋಡೆಯೂ ಅದರ ಜೊತೆ ಬಿರಿಯುತ್ತದೆ. ಗರಸು ಹಾಕಿ ಗಟ್ಟಿ ಮಾಡದೆ ಕಟ್ಟಿದ ಕೊಳದಿಂದ ಉಪ್ಪುನೀರು ಸದ್ದಿಲ್ಲದೆ ಹೊಲಕ್ಕೆ ಸೋರುತ್ತದೆ. ಸೋರದಿದ್ದರೂ ಉಸುಕಿನ ಫಿಲ್ಟರನ್ನು ವಾರಕ್ಕೊಮ್ಮೆ ತೊಳೆದರೆ ಸುಮಾರು 300 ಲೀಟರ್ ನೀರು ಹೊರಗೆ. ಅದರಲ್ಲಿ ಹತ್ತಿರ ಹತ್ತಿರ ಒಂದು ಕಿಲೋ ಉಪ್ಪು. ವರ್ಷಕ್ಕೆ ಒಂದು ಚೀಲ ಒಂದೇ ಮೂಲೆಗೆ ಬಿದ್ದಂತಾಯಿತು. ಲೀಟರಿಗೆ 2,000 ಮಿಲಿಗ್ರಾಂ ಮೀರಿ ಲವಣವಿರುವ ನೀರನ್ನು ಬೆಳೆಗೆ ಹಾಕಲು ಬಲವಾದ ಅಡ್ಡಿಯಿದೆ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಕೈಪಿಡಿ ಹೇಳುತ್ತದೆ. ಕೊಳದ ನೀರು 3,000ಕ್ಕೂ ಮೇಲೆ. ಅದರ ಸೋಡಿಯಂ ಯರಿಮಣ್ಣಿನ ಕಣಗಳನ್ನು ಬಿಡಿಸಿ, ನೀರಿಂಗುವ ಸಂದುಗಳನ್ನು ಮುಚ್ಚಿಬಿಡುತ್ತದೆ. ಮಾವು, ನಿಂಬೆಯ ಮಡಿಗೆ ಅದನ್ನು ತಿರುಗಿಸುವುದು ಗಿಡಕ್ಕೆ ಮಾಡುವ ಅನ್ಯಾಯ.

ಅದಕ್ಕೆ ಕೊಳದ ನಕ್ಷೆ ಬರೆಯುವ ದಿನವೇ ಮಗ್ಗುಲಲ್ಲಿ ಇನ್ನೊಂದು ಗುಂಡಿಯನ್ನೂ ಬರೆಯಬೇಕು: 2 ಮೀಟರ್ ಉದ್ದ, 2 ಮೀಟರ್ ಅಗಲ, ಮೊಣಕಾಲುದ್ದ ಆಳ, ತಳಕ್ಕೂ ಬದಿಗೂ ದಪ್ಪ ಹಾಳೆ, ಮಳೆಗಾಲಕ್ಕೆ ಮೇಲೊಂದು ತಗಡಿನ ಮಾಡು. ಫಿಲ್ಟರ್ ತೊಳೆದ 300 ಲೀಟರ್ ಅದರಲ್ಲಿ ಬರೀ ನಾಲ್ಕು ಬೆರಳು ನಿಲ್ಲುತ್ತದೆ. ನಡುವೆ ಮತ್ತೆ ನೀರು ಬಿಡದಿದ್ದರೆ, ಏಪ್ರಿಲ್ಲಿನ ಸವದತ್ತಿ ಬಿಸಿಲಿಗೆ ಹತ್ತು ದಿನಗಳ ಸುಮಾರಿಗೆ ನೀರು ಆರಿ, ಹಾಳೆಯ ಮೇಲೆ ಬೂದು ಬಿಳಿ ಹೆಪ್ಪು ಉಳಿಯುತ್ತದೆ. ಸಾಣಿಕಟ್ಟೆಯ ಆಗರದಲ್ಲಿ ಹೆರೆಯುವಂತೆ ಮರದ ಹಲಗೆಯಿಂದ ಅದನ್ನು ಹೆರೆದು, ಚೀಲಕ್ಕೆ ತುಂಬಿ, ಹೊಲದಿಂದ ಆಚೆ ಸಾಗಿಸಬಹುದು.